ಮೋಟಾರು ಗಾಡಿಯ ಆಯಿಲ್ ಕೂಲರು

ಮೋಟಾರು ಗಾಡಿಗೆ ಎಣ್ಣೆ ಬದಲಾಯಿಸುವ ದಿನ ಗೃಹಸ್ಥರು ಕೇಳುವ ಪ್ರಶ್ನೆಗಳು ಎರಡೇ: ಎಷ್ಟು ಲೀಟರು ಹಿಡಿಯಿತು, ಎಷ್ಟು ರೂಪಾಯಿ ಆಯಿತು. ಆಯಿಲ್ ಕೂಲರಿನ ಯೋಗಕ್ಷೇಮವನ್ನು ವಿಚಾರಿಸುವವರು ವಿರಳ. ಈ ಅಂಗವು ಎಲ್ಲ ಗಾಡಿಗಳಲ್ಲಿಯೂ ಇರುವುದಿಲ್ಲ. ಡೀಸೆಲ್ ಗಾಡಿಗಳಲ್ಲಿಯೂ ಟರ್ಬೋ ಉಳ್ಳವುಗಳಲ್ಲಿಯೂ ಸಾಮಾನ್ಯವಾಗಿ ಉಂಟು. ಇಂಜಿನ್ನಿನ ಎಣ್ಣೆಯು ಸವೆತವನ್ನು ತಡೆಯುವುದಷ್ಟೇ ಅಲ್ಲದೆ ಬೇರಿಂಗು, ಪಿಸ್ಟನ್ನುಗಳ ತಾಪವನ್ನೂ ಹೊತ್ತು ತರುವುದು. 100 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಕಾವು ಅದಕ್ಕೆ ಸಹಜ. ತುಂಬಿದ ಗಾಡಿ ಘಾಟಿಯನ್ನೇರುವಾಗ ಅದು ಬಹಳವಾಗಿ ಮೀರಿದರೆ ಎಣ್ಣೆ ತೆಳ್ಳಗಾಗಿ ಬೇಗ ಕೆಡುವುದು. ಹಾಗಾಗದಂತೆ ತಣಿಸುವುದೇ ಕೂಲರಿನ ಕಾರ್ಯ. (ತಿಲದಿಂದ ಬಂದುದು ತೈಲ, ಎಳ್ಳಿನ ನೆಯ್ಯೇ ಎಣ್ಣೆ. ಭೂಗರ್ಭದಿಂದ ತೆಗೆದುದಕ್ಕೂ ಎರಡು ಹೆಸರುಗಳೂ ಸಲ್ಲುತ್ತಿರುವುದು ರೂಢಿಯ ಬಲದಿಂದ.)

ಕೆಳಗಿನ ಬೋಲ್ಟನ್ನು ಬಿಚ್ಚಿದಾಗ ಇಳಿಯುವುದು ತಳದ ತೊಟ್ಟಿಯ ಎಣ್ಣೆ. ಕೂಲರಿನಲ್ಲಿಯೂ ಅದರ ನಳಿಕೆಗಳಲ್ಲಿಯೂ ನಿಂತುದು ಬಹುಮಟ್ಟಿಗೆ ಅಲ್ಲಿಯೇ ಉಳಿಯುವುದು. ಹಾಗಾದರೆ ಪ್ರತಿ ಸಲವೂ ಅದನ್ನು ಕಳಚಿ ತೊಳೆಯಬೇಕೇ? ಬೇಡ. ಕಾಲಕ್ಕೆ ಸರಿಯಾಗಿ ಬದಲಾಯಿಸುವವರಿಗೆ ಆ ಅಲ್ಪ ಶೇಷದಿಂದ ಬಾಧಕವಿಲ್ಲ. ಪದೇ ಪದೇ ಬಿಚ್ಚಿ ಕೂಡಿಸುವುದರಿಂದಲೇ ಸೋರಿಕೆ ಹುಟ್ಟುವ ಸಂಭವ ಹೆಚ್ಚು. ಆದರೆ ಅಳತೆಯಲ್ಲಿ ಎಚ್ಚರ ಬೇಕು. ಪೂರ್ತಿ ಬರಿದಾದ ಇಂಜಿನ್ನಿಗೆ 5 ಲೀಟರು ಎಂದು ಕೈಪಿಡಿಯಲ್ಲಿದೆ, ಕೂಲರಿನಲ್ಲಿ ಅರ್ಧ ಲೀಟರು ಉಳಿದಿದೆ ಎಂದಿಟ್ಟುಕೊಳ್ಳೋಣ. ಐದನ್ನೂ ಸುರಿದರೆ ಅರ್ಧ ಲೀಟರು ಅಧಿಕವಾಗುವುದು. ಕಡಮೆ ಹಾಕಿ, ಇಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿ, ಎಣ್ಣೆ ಇಳಿದ ಮೇಲೆ ಅಳತೆಯ ಕಡ್ಡಿಯನ್ನು ನೋಡಿ ತುಂಬಿಸತಕ್ಕದ್ದು.

ಗಾಡಿ ಮೇಲೇರಿರುವಾಗಲೇ ಕೂಲರಿನ ಸಂಧಿಗಳಲ್ಲಿ ಜಿನುಗು, ರಬ್ಬರು ನಳಿಕೆಯಲ್ಲಿ ಬಿರುಕು ಇವೆಯೇ ಎಂದು ನೋಡಿಸಬೇಕು. ಗಾಳಿಯಿಂದ ತಣಿಯುವ ಕೂಲರಾದರೆ ರೆಕ್ಕೆಗಳ ನಡುವಣ ಕೆಸರು, ಹುಳುಗಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆಯಿಸಿರಿ. ಬಿರುಸಾದ ಧಾರೆಗೆ ರೆಕ್ಕೆಗಳು ಮಡಚಿಕೊಳ್ಳುವುವು.

ನೀರಿನಿಂದ ತಣಿಯುವ ಜಾತಿಯಲ್ಲಿ ಎಣ್ಣೆಗೂ ಕೂಲೆಂಟಿಗೂ ನಡುವೆ ತೆಳುವಾದ ಲೋಹದ ತಗಡಷ್ಟೇ ಅಡ್ಡ. ಅದು ತೂತಾದರೆ, ಓಡುವಾಗ ಒತ್ತಡ ಹೆಚ್ಚಿರುವ ಎಣ್ಣೆಯು ಕೂಲೆಂಟಿಗೆ ನುಗ್ಗುವುದು. ನಿಲ್ಲಿಸಿದ ಮೇಲೆ ಬಿಸಿ ಕೂಲೆಂಟಿನ ಒತ್ತಡವೇ ಉಳಿದು ಅದು ಎಣ್ಣೆಯೊಳಕ್ಕೆ ಬರುವುದೂ ಉಂಟು. ಇಂಜಿನ್ನು ಪೂರ್ತಿ ತಣ್ಣಗಿರುವಾಗ ಕೂಲೆಂಟಿನ ಮುಚ್ಚಳ ತೆಗೆದು ನೋಡಿರಿ. ಜಿಡ್ಡು ತೇಲುತ್ತಿದ್ದರೆ, ಅಥವಾ ಕಡ್ಡಿಗಂಟಿದ ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣದ್ದಾಗಿದ್ದರೆ, ಗಾಡಿಯನ್ನು ಓಡಿಸಬಾರದು. ಹೆಡ್ ಗ್ಯಾಸ್ಕೆಟ್ಟು ಕೆಟ್ಟರೂ ಇದೇ ಚಿಹ್ನೆ. ಕೂಲರನ್ನು ಪರೀಕ್ಷಿಸದೆ ಹೆಡ್ಡನ್ನು ಬಿಚ್ಚಿಸುವುದು ದುಂದುವೆಚ್ಚವೆಂದು ನಮ್ಮ ಮತ.

ಬೇರಿಂಗು ಪುಡಿಯಾಗಿ ಇಂಜಿನ್ನನ್ನು ಹೊಸದಾಗಿ ಕಟ್ಟಿಸಿದವರು ಮಾತ್ರ ಹಳೆಯ ಕೂಲರನ್ನು ಮತ್ತೆ ಜೋಡಿಸಗೊಡಬಾರದು. ಅದರ ಸಂದುಗಳಲ್ಲಿ ಅಡಗಿದ ಲೋಹದ ಕಣಗಳು ಎಷ್ಟು ತೊಳೆದರೂ ಎಲ್ಲವೂ ಹೊರಬಿದ್ದುವೆಂಬ ಭರವಸೆಯಿಲ್ಲ. ಕೆಲವು ಇಂಜಿನ್ನುಗಳಲ್ಲಿ ಎಣ್ಣೆಯು ಫಿಲ್ಟರನ್ನು ದಾಟಿದ ಮೇಲೆಯೇ ಕೂಲರಿಗೆ ಹೋಗುವುದು. ಅಲ್ಲಿಂದ ಹೊರಟ ಕಣವು ನೇರವಾಗಿ ಹೊಸ ಬೇರಿಂಗಿಗೆ ಸೇರುವುದು.