ಮಳೆಗಾಲದ ಮಣೆ

ಕೊಡಗಿನಲ್ಲಿ ಆಷಾಢದ ಮಳೆ ಬಲವಾಗಿ ಹಿಡಿಯಿತೆಂದರೆ ಶಾಲೆಗಳಿಗೆ ರಜೆ ಸಾರುವುದು ವಾಡಿಕೆ. ಅಂಗಳಕ್ಕೂ ಇಳಿಯಲಾಗದ ಆ ದಿನಗಳಲ್ಲಿ ಮಕ್ಕಳ ಕೈಗೆ ಇಂದು ಮೊಬೈಲು ಬರುತ್ತಿದೆ. ಅದಕ್ಕೆ ಬದಲಾಗಿ ಅಟ್ಟದ ಮೇಲಿನ ಚೆನ್ನೆಮಣೆಯನ್ನು ಕೆಳಗಿಳಿಸುವುದು ಲೇಸೆಂಬುದು ನನ್ನ ನಂಬಿಕೆ.

ಮಣೆಯಾಟವೆಂದೊಡನೆ ಕೆಲವು ಹಿರಿಯರು ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯನನ್ನು ನೆನೆಯುತ್ತಾರೆ. ಅಲ್ಲಿ ಕೇಡಿಗೆ ಕಾರಣವಾದುದು ಪಣ, ಮಣೆಯದೇನೂ ತಪ್ಪಿಲ್ಲ. 19ನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಇಂತಹ ಆಟಗಳಿಗೆ ‘ಕೌತುಕನಿಧಿ’ ಎಂಬ ಭಾಗದಲ್ಲಿ ಗೌರವದ ಸ್ಥಾನ ದೊರೆಯಿತು. ಕಾಯಕವನ್ನು ಕಲಿಸುವ ಶಾಲೆಯಲ್ಲಿ ಆಟಕ್ಕೆ ಎಡೆಯೆಲ್ಲಿ ಎಂದು ಕೇಳಿದರೆ, ಎಳೆಯ ಮಗುವಿಗೆ ಆಟವೇ ಕಾಯಕವೆಂದು ವಿನಯದಿಂದ ಹೇಳಬೇಕಾಗುತ್ತದೆ.

ಆದರೆ ಆಟದ ಆಯ್ಕೆ ವಯಸ್ಸಿಗೆ ಒಪ್ಪುವಂತಿರಬೇಕು. ಬೀಜವನ್ನು ಬಾಯಿಗೆ ಹಾಕುವ ವಯಸ್ಸು ದಾಟಿದ ಮಗುವಿಗೆ ಚೆನ್ನೆಮಣೆ ತಕ್ಕುದು. 14 ಗುಳಿಗಳಲ್ಲಿ ಗುಳಿಗೆ 4ರಂತೆ 56 ಬೀಜಗಳನ್ನು ಹಂಚಿ ಆಡುವಾಗ ಎಣಿಕೆ ತಾನಾಗಿ ಬೆರಳಿಗೆ ಬರುತ್ತದೆ. ಹುಣಿಸೆಬೀಜ ದೊರೆಯದಿದ್ದರೆ ಕಾಫಿಬೀಜವೂ ಆದೀತು. ಅನಂತರ 25 ಮನೆಗಳ ಚೌಕಾಬಾರ. ಕವಡೆಗೆ ಹಿರಿಯ ಕಿರಿಯರೆಂಬ ಭೇದವಿಲ್ಲದುದರಿಂದ ಅಜ್ಜನೆದುರು ಮೊಮ್ಮಗಳು ಸರಿಸಮಾನಳಾಗಿ ಆಡಬಲ್ಲಳು. ಮುಂದಾಲೋಚನೆ ಬಲಿತ ಮೇಲೆ ಹುಲಿ-ಕುರಿಯಾಟ. 3 ಹುಲಿಗಳನ್ನು ಒಂಟಿ ಕುರಿ ತಡೆಯಲಾರದು. 15 ಕುರಿಗಳು ಒಂದಕ್ಕೊಂದು ಒತ್ತಾಸೆಯಾಗಿ ನಿಂತರೆ ಕಟ್ಟಿಹಾಕುತ್ತವೆ. ಸಂಘಜೀವನದ ಪಾಠಕ್ಕೆ ಇದಕ್ಕಿಂತ ಸುಲಭವಾದ ದಾರಿ ಯಾವುದಿದೆ?

ಆಯ್ಕೆಗಿಂತಲೂ ಮುಖ್ಯವಾದುದು ಎದುರು ಕುಳಿತ ಹಿರಿಯರ ನಡತೆ. ಮಗು ಅತ್ತೀತೆಂದು ಬೇಕೆಂದೇ ಸೋಲುವವರುಂಟು. ಪ್ರೀತಿಯಿಂದ ಮಾಡಿದರೂ ಅದು ಮಗುವಿಗೆ ಹೇಳಿದ ಸುಳ್ಳೇ. ಬೇಕಾದರೆ ಆಟಕ್ಕೆ ಮೊದಲೇ ಹೇಳಿ, ಮಗುವಿಗೆ ನಾಲ್ಕು ಬೀಜ ಹೆಚ್ಚಾಗಿ ಕೊಡೋಣ. ಆಮೇಲೆ ಪ್ರಾಮಾಣಿಕವಾಗಿ ಆಡೋಣ. ಸೋತು ಅತ್ತರೆ ಕಣ್ಣೊರಸಿ ಇನ್ನೊಂದು ಆಟ ಹೂಡೋಣ. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಬದುಕೇ ಮುಗಿಯಿತೆಂದು ಕುಗ್ಗುವ ಮಕ್ಕಳನ್ನು ಉಪಾಧ್ಯಾಯರಾದ ನಾವು ಕಾಣುತ್ತಿದ್ದೇವೆ. ಸೋಲಿನ ಮೊದಲ ಪರಿಚಯ ಮನೆಯ ಜಗುಲಿಯಲ್ಲಿ, ಅಜ್ಜಿಯ ಪಕ್ಕದಲ್ಲಿ ಆಗುವುದೇ ಕ್ಷೇಮ.

ಆದುದರಿಂದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಬಿನ್ನಹ. ಊರಿನ ಬಡಗಿಯಿಂದ ತರಗತಿಗೊಂದು ಮಣೆ ಮಾಡಿಸಿಕೊಡಿರಿ. ನಿಮ್ಮ ಮನೆಯಲ್ಲಿಯೂ ವಾರಕ್ಕೊಂದು ಗಂಟೆ ಮಗುವಿನ ಎದುರು ಕುಳಿತು ಆಡಿರಿ. ಮಣೆಯನ್ನು ಬಡಗಿ ಕೊಟ್ಟಾನು. ಜೊತೆಗಾರರನ್ನು ಮನೆಯವರೇ ಕೊಡಬೇಕು.