ಒಪ್ಪಿಗೆಯ ಮುದ್ರೆ ಒತ್ತುವ ಮುನ್ನ

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯಲ್ಲಿ ನಡೆದ ಆರತಕ್ಷತೆಯೊಂದಕ್ಕೆ ಅತಿಥಿಗಳೆಲ್ಲ ಬಂದರು, ವಧೂವರರು ಬರಲಿಲ್ಲ. ಭುವನೇಶ್ವರದಿಂದ ಹೊರಡಬೇಕಿದ್ದ ಅವರ ವಿಮಾನ ರದ್ದಾಗಿತ್ತು. ವೇದಿಕೆಯ ಅಲಂಕೃತ ಕುರ್ಚಿಗಳಲ್ಲಿ ವಧುವಿನ ತಂದೆತಾಯಿ ಕುಳಿತರು. ನವದಂಪತಿ ಪರದೆಯ ಮೇಲೆ ಕಾಣಿಸಿಕೊಂಡು ಬಂಧುಬಳಗದ ಹಾರೈಕೆ ಸ್ವೀಕರಿಸಿದರು. ಸುದ್ದಿ ಓದಿದವರು ನಕ್ಕಿರಬಹುದು. ಆದರೆ ಅದೇ ದಿನಗಳಲ್ಲಿ ಸಂದರ್ಶನ, ಪರೀಕ್ಷೆ, ಶಸ್ತ್ರಚಿಕಿತ್ಸೆ, ಅಂತ್ಯಸಂಸ್ಕಾರಗಳಿಗೆಂದು ಹೊರಟು ವಿಮಾನ ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆದವರಿಗೆ ಪರದೆಯ ಆಸರೆಯೂ ಇರಲಿಲ್ಲ. ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನಗಳಲ್ಲಿ ಇಂಡಿಗೊ ಸಂಸ್ಥೆಯ 2,500ಕ್ಕೂ ಹೆಚ್ಚು ಯಾನಗಳು ರದ್ದಾದವು. ಮೂರು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಅತಂತ್ರರಾದರು.

ಮಂಜು, ಮಳೆ, ಮುಷ್ಕರ ಯಾವುದೂ ಇದಕ್ಕೆ ಕಾರಣವಾಗಿರಲಿಲ್ಲ. ಪೈಲಟ್‌ಗಳ ಕರ್ತವ್ಯದ ಅವಧಿ ಮತ್ತು ವಿಶ್ರಾಂತಿಗೆ ಸಂಬಂಧಿಸಿದ ಪರಿಷ್ಕೃತ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲೇ ಪ್ರಕಟಿಸಿತ್ತು. ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸುವುದು, ರಾತ್ರಿ ವೇಳೆ ಒಬ್ಬ ಪೈಲಟ್ ಇಳಿಸಬಹುದಾದ ಯಾನಗಳ ಸಂಖ್ಯೆಯನ್ನು ಆರರಿಂದ ಎರಡಕ್ಕೆ ತಗ್ಗಿಸುವುದು ಅದರ ಮುಖ್ಯ ಅಂಶಗಳು. ನಿದ್ದೆಗೆಟ್ಟ ಕಣ್ಣುಗಳಲ್ಲಿ ನಸುಕಿನ ರನ್‌ವೇ ಹುಡುಕುವವನ ಕೈಯಲ್ಲಿ ಇನ್ನೂರು ಜೀವಗಳಿರುತ್ತವೆ ಎಂಬುದನ್ನು ನೆನೆದರೆ ಈ ನಿಯಮಗಳು ಅತಿರೇಕವೆಂದು ಯಾರೂ ಹೇಳಲಾರರು. 2024ರ ಜೂನ್ 1ರಿಂದ ಜಾರಿಯಾಗಬೇಕಿದ್ದ ಇವುಗಳನ್ನು ವಿಮಾನಯಾನ ಸಂಸ್ಥೆಗಳ ಒತ್ತಡಕ್ಕೆ ಮಣಿದು ಮುಂದೂಡಲಾಯಿತು. ಪೈಲಟ್‌ಗಳ ಸಂಘಟನೆಗಳು ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲಷ್ಟೇ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿಗೆ ಬಂದವು. ಸಿದ್ಧತೆಗೆ ಸುಮಾರು ಎರಡು ವರ್ಷಗಳ ಕಾಲಾವಕಾಶವಿತ್ತು. ಯೋಜನೆಯಲ್ಲಿ ಎಡವಿದ್ದೇವೆಂದು ಸಂಸ್ಥೆಯೇ ಬಳಿಕ ಒಪ್ಪಿಕೊಂಡಿತು.

ಕಂಪನಿಯ ತಪ್ಪು ಇಷ್ಟು ಸ್ಪಷ್ಟವಾಗಿರುವಾಗ ಆ ಗದ್ದಲದಲ್ಲಿ ಮರೆಯಾದ ಇನ್ನೊಂದು ಸಂಗತಿಯತ್ತ ಗಮನ ಹರಿಸಬೇಕು. 2025ರ ಚಳಿಗಾಲದ ವೇಳಾಪಟ್ಟಿಯಲ್ಲಿ ಇಂಡಿಗೊ ಸಂಸ್ಥೆಗೆ ವಾರಕ್ಕೆ 15,014 ಯಾನಗಳ ಒಪ್ಪಿಗೆ ದೊರೆತಿತ್ತು. ಇದು ಹಿಂದಿನ ಚಳಿಗಾಲಕ್ಕಿಂತ ಶೇ 9.66ರಷ್ಟು ಹೆಚ್ಚು. ಒಪ್ಪಿಗೆ ಕೊಟ್ಟದ್ದು ಇದೇ ಮಹಾನಿರ್ದೇಶನಾಲಯ! ಪೈಲಟ್‌ಗಳು ಇನ್ನು ಮುಂದೆ ಕಡಿಮೆ ಹೊತ್ತು ಹಾರಬೇಕು ಎಂದು ಒಂದು ಕಡತದಲ್ಲಿ ಬರೆದ ಕಚೇರಿ, ಅದೇ ಪೈಲಟ್‌ಗಳನ್ನು ನಂಬಿದ ಹೆಚ್ಚುವರಿ ಯಾನಗಳಿಗೆ ಮತ್ತೊಂದು ಕಡತದಲ್ಲಿ ಮುದ್ರೆ ಒತ್ತಿತು. ಎರಡೂ ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ಕೂಡುವ ಕಳೆಯುವ ಲೆಕ್ಕ ಮಾಡಿದ್ದರೆ ಡಿಸೆಂಬರ್‌ನ ಅನಾಹುತ ಅಕ್ಟೋಬರ್‌ನಲ್ಲೇ ಕಾಣುತ್ತಿತ್ತು.

ಆಮೇಲೆ ನಡೆದದ್ದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ತಪ್ಪು ಮಾಡಿದ ಸಂಸ್ಥೆಗೇ ರಾತ್ರಿ ಕರ್ತವ್ಯದ ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ದೊರೆಯಿತು. ಗಗನಕ್ಕೇರಿದ ಟಿಕೆಟ್ ದರಕ್ಕೆ 500 ಕಿಲೊಮೀಟರ್‌ವರೆಗೆ 7,500 ರೂಪಾಯಿಯಿಂದ ತೊಡಗಿ ದೂರಕ್ಕೆ ತಕ್ಕ ಮಿತಿಯನ್ನು ತಾತ್ಕಾಲಿಕವಾಗಿ ಹೇರಲಾಯಿತು. ಯಾನಗಳನ್ನು ಶೇ 10ರಷ್ಟು ಕಡಿತಗೊಳಿಸುವಂತೆ ಸೂಚಿಸಲಾಯಿತು. ಅಂದರೆ, ಹೆಚ್ಚಿಸಲು ಕೊಟ್ಟ ಒಪ್ಪಿಗೆಯನ್ನು ಹೆಚ್ಚುಕಡಿಮೆ ಹಾಗೆಯೇ ಹಿಂದಕ್ಕೆ ಪಡೆದಂತಾಯಿತು. 2026ರ ಜನವರಿಯಲ್ಲಿ ವಿಧಿಸಿದ ದಂಡ ಸುಮಾರು 22 ಕೋಟಿ ರೂಪಾಯಿ. 2024-25ರಲ್ಲಿ ಸಂಸ್ಥೆ ಗಳಿಸಿದ ನಿವ್ವಳ ಲಾಭ 7,200 ಕೋಟಿ ರೂಪಾಯಿಗೂ ಹೆಚ್ಚು. ದೇಶದೊಳಗಿನ ಪ್ರಯಾಣಿಕರಲ್ಲಿ ಮೂರನೇ ಎರಡರಷ್ಟು ಮಂದಿಯನ್ನು ಒಂದೇ ಸಂಸ್ಥೆ ಹೊತ್ತೊಯ್ಯುವಾಗ ಅದರ ಮೇಲೆ ಕಠಿಣ ಕ್ರಮ ಜರುಗಿಸಿದರೆ ಮತ್ತೆ ನರಳುವವರು ಪ್ರಯಾಣಿಕರೇ ಎಂಬ ಅಳುಕು ಸರ್ಕಾರಕ್ಕೆ ಇದ್ದಿರಬೇಕು. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನೆಲಕಚ್ಚಿದಾಗಲೇ ಈ ಅವಲಂಬನೆಯ ಅಪಾಯವನ್ನು ಗ್ರಹಿಸಬೇಕಿತ್ತು. ಜನಸಾಮಾನ್ಯರಿಗೆ ವಿಮಾನದ ಮೆಟ್ಟಿಲು ತೋರಿಸಿದ ಏರ್ ಡೆಕ್ಕನ್ ಹುಟ್ಟಿದ ಬೆಂಗಳೂರಿಗರಿಗಂತೂ ಆಯ್ಕೆ ಕುಗ್ಗುವುದೆಂದರೇನೆಂದು ವಿವರಿಸಬೇಕಾಗಿಲ್ಲ.

ಮೊದಲು ಕಣ್ಣುಮುಚ್ಚಿ ಒಪ್ಪಿಗೆ ಕೊಡುವ ಅಥವಾ ಒಪ್ಪಿಗೆಯೇ ಇಲ್ಲದ್ದನ್ನು ಕಂಡೂ ಕಾಣದಂತಿರುವ, ಕೈಮೀರಿದ ಮೇಲೆ ಧಾವಿಸುವ ಈ ಚಾಳಿ ವಿಮಾನಯಾನಕ್ಕೆ ಸೀಮಿತವಲ್ಲ. ವಿಮಾನದಿಂದ ಇಳಿದ ಅದೇ ಪ್ರಯಾಣಿಕ ಕೊಡಗಿಗೋ ಚಿಕ್ಕಮಗಳೂರಿಗೋ ಹಂಪಿಗೋ ಹೋಗಿ ತಂಗುವ ಮನೆಯ ವಿಚಾರದಲ್ಲೂ ನಮ್ಮ ರಾಜ್ಯದ ನಡವಳಿಕೆ ಇದಕ್ಕಿಂತ ಭಿನ್ನವಾಗಿಲ್ಲ.

ಈ ಶತಮಾನದ ಆರಂಭದಲ್ಲಿ ಕಾಫಿ ಬೆಲೆ ಪಾತಾಳಕ್ಕಿಳಿದಾಗ ಮಲೆನಾಡಿನ ಅನೇಕ ಬೆಳೆಗಾರ ಕುಟುಂಬಗಳಿಗೆ ಹೋಂಸ್ಟೇ ಆಸರೆಯಾಯಿತು. ಮನೆಯವರು ಉಣ್ಣುವ ಕಡುಬು, ಅಕ್ಕಿರೊಟ್ಟಿಯನ್ನೇ ಅತಿಥಿಗೂ ಬಡಿಸುವ, ಮನೆಯೊಡತಿಯ ಕೈಗೆ ನಾಲ್ಕು ಕಾಸು ಸೇರುವ ಆ ವ್ಯವಸ್ಥೆಯನ್ನು ಯಾರೂ ಆಕ್ಷೇಪಿಸಲಾರರು. ಈಗ ಆ ಹೆಸರಿನಲ್ಲಿ ನಡೆಯುವ ಎಷ್ಟೋ ಕಡೆ ಮನೆಯೂ ಇಲ್ಲ, ಮನೆಯವರೂ ಇಲ್ಲ. ದೂರದ ಹೂಡಿಕೆದಾರನ ಕಟ್ಟಡ, ಸಂಬಳದ ವ್ಯವಸ್ಥಾಪಕ ಮತ್ತು ಮೊಬೈಲ್ ಆ್ಯಪ್ ಇವೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಕಡ್ಡಾಯವೆನ್ನುತ್ತಾರೆ, ನೋಂದಣಿಯಿಲ್ಲದವೂ ಆ್ಯಪ್‌ನಲ್ಲಿ ಯಾವ ಅಡ್ಡಿಯೂ ಇಲ್ಲದೆ ಸಿಗುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪಕ್ಕದ ಫ್ಲ್ಯಾಟಿಗೆ ದಿನಕ್ಕೊಬ್ಬ ಅಪರಿಚಿತ ಬಂದು ಹೋಗುವುದನ್ನು ಕಂಡು ನಿವಾಸಿಗಳು ದೂರುವುದೂ ಇದೇ ಕಾರಣಕ್ಕೆ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರಗಡ್ಡೆಯೇ ಸಾಕ್ಷಿ. ಹಂಪಿಯ ಪರಂಪರೆ ಪ್ರದೇಶದೊಳಗೆ ಅಲ್ಲಿ ವರ್ಷಗಟ್ಟಲೆ ರೆಸಾರ್ಟ್‌ಗಳು ಎದ್ದವು. ವಿದ್ಯುತ್ ಬಂತು, ವಿದೇಶೀಯರು ಬಂದರು, ಸ್ಥಳೀಯರ ಬದುಕು ಅದಕ್ಕೇ ಹೊಂದಿಕೊಂಡಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವು ಅಕ್ರಮವೆಂಬ ತೀರ್ಪನ್ನು ಎತ್ತಿಹಿಡಿಯಿತು. ಮುಂದಿನ ತಿಂಗಳೇ ಜೆಸಿಬಿಗಳು ನದಿ ದಾಟಿದವು. ತೀರ್ಪು ಸರಿ. ಆದರೆ ಮೊದಲ ಗುಡಿಸಲು ಏಳುವಾಗ ತಡೆಯದ ಅಧಿಕಾರಿಗಳು ಏನನ್ನೂ ಕಳೆದುಕೊಳ್ಳಲಿಲ್ಲ, ಸಾಲ ಮಾಡಿ ಕಟ್ಟಿದವನು ಎಲ್ಲವನ್ನೂ ಕಳೆದುಕೊಂಡ. ವಹಿವಾಟು ಸಣಾಪುರ, ಆನೆಗೊಂದಿಗಳತ್ತ ಸರಿಯಿತು. 2025ರ ಮಾರ್ಚ್‌ನಲ್ಲಿ ಸಣಾಪುರದ ಕಾಲುವೆಯ ಬಳಿ ಪ್ರವಾಸಿಗರ ಮೇಲೂ ಹೋಂಸ್ಟೇ ನಡೆಸುವ ಮಹಿಳೆಯ ಮೇಲೂ ಅಮಾನುಷ ದಾಳಿ ನಡೆದ ಬಳಿಕ ಪರವಾನಗಿಗಳ ಲೆಕ್ಕ ತೆಗೆಯುವ ಮಾತು ಮತ್ತೆ ಕೇಳಿಬಂತು.

ಹೊರಗಿನ ನಗರಗಳು ಈ ಪ್ರಶ್ನೆಯನ್ನು ಬಗೆಹರಿಸಿಬಿಟ್ಟಿವೆ ಎಂದಲ್ಲ. ಬಾರ್ಸಿಲೋನಾ 2028ರ ನವೆಂಬರ್ ಹೊತ್ತಿಗೆ ಪ್ರವಾಸಿ ಫ್ಲ್ಯಾಟುಗಳ 10,101 ಪರವಾನಗಿಗಳನ್ನೂ ಕೊನೆಗಾಣಿಸುವುದಾಗಿ 2024ರಲ್ಲಿ ಘೋಷಿಸಿತು. ಊರಿನವರಿಗೇ ಮನೆ ಸಿಗದಂತಾಯಿತೆಂಬ ಆಕ್ರೋಶ ಅದರ ಹಿಂದಿದೆ. ಅಂಥ ಸಾರಾಸಗಟು ನಿಷೇಧ ನಮಗೆ ಬೇಕಿಲ್ಲ, ಮಲೆನಾಡಿನ ಸಣ್ಣ ಹಿಡುವಳಿದಾರನಿಗೆ ಅದು ಅನ್ಯಾಯ. ಗಮನಿಸಬೇಕಾದದ್ದು ನ್ಯೂಯಾರ್ಕ್‌ನ ಕ್ರಮ. 2023ರ ಸೆಪ್ಟೆಂಬರ್‌ನಿಂದ ಅಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಾಯಿಸಿಕೊಳ್ಳಬೇಕು, ಅತಿಥಿಗಳು ಇಬ್ಬರನ್ನು ಮೀರುವಂತಿಲ್ಲ, ಮನೆಯವರು ಜತೆಯಲ್ಲೇ ಇರಬೇಕು. ಈ ಕೊನೆಯ ಷರತ್ತು ನಮ್ಮ ಹೋಂಸ್ಟೇಯ ಮೂಲ ಅರ್ಥವೇ ಅಲ್ಲವೇ? ಇದರಿಂದ ಬಾಡಿಗೆ ಇಳಿಯಲಿಲ್ಲ, ಹೋಟೆಲುಗಳಿಗಷ್ಟೇ ಲಾಭವಾಯಿತು ಎಂಬ ಟೀಕೆ ಅಲ್ಲಿ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ನೋಂದಣಿಯಿಲ್ಲದ ಮನೆಯ ಬುಕಿಂಗ್ ಹಣವನ್ನು ಆ್ಯಪ್ ಕಂಪನಿ ಸ್ವೀಕರಿಸುವಂತಿಲ್ಲ ಎಂಬ ನಿಯಮದಿಂದಾಗಿ ಇನ್‌ಸ್ಪೆಕ್ಟರ್ ಮನೆ ಮನೆಗೆ ಅಲೆಯುವ, ಅಲೆದಲ್ಲೆಲ್ಲ ಕೈಯೊಡ್ಡುವ ಅವಕಾಶವೇ ತಪ್ಪುತ್ತದೆ.

ಕರ್ನಾಟಕ ಇದನ್ನು ಮಾಡಲು ಹೊಸ ಇಲಾಖೆ ಬೇಕಿಲ್ಲ. ನೋಂದಣಿ ಸಂಖ್ಯೆ ತೋರಿಸದ ಯಾವ ಕೊಠಡಿಯನ್ನೂ ಆ್ಯಪ್‌ಗಳು ಪ್ರದರ್ಶಿಸಬಾರದೆಂಬ ಆದೇಶ ಹೊರಡಿಸಿ, ಆ ಸಂಖ್ಯೆಗಳ ಪಟ್ಟಿಯನ್ನು ತಾಲ್ಲೂಕುವಾರು ಸಾರ್ವಜನಿಕರ ಮುಂದಿಡಬೇಕು. ಮನೆಯವರು ವಾಸವಿರುವ ಹೋಂಸ್ಟೇಗೆ ಅರ್ಜಿಯನ್ನು ಸರಳಗೊಳಿಸಿ, ಉಳಿದವನ್ನು ಲಾಡ್ಜ್ ಎಂದೇ ಪರಿಗಣಿಸಿ ತೆರಿಗೆ ಮತ್ತು ಅಗ್ನಿಸುರಕ್ಷತೆಯ ನಿಯಮಗಳಿಗೆ ಒಳಪಡಿಸಬೇಕು. ವಿಮಾನಯಾನ ಮಹಾನಿರ್ದೇಶನಾಲಯವೂ ಮುಂದಿನ ಪ್ರತಿ ವೇಳಾಪಟ್ಟಿಗೆ ಸಹಿ ಹಾಕುವ ಮುನ್ನ ಎಷ್ಟು ಯಾನ, ಎಷ್ಟು ಪೈಲಟ್ ಎಂಬೆರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು ಪ್ರಕಟಿಸಲಿ. ಟಿಕೆಟ್ ಕೊಳ್ಳುವವರು ಓದಿಕೊಳ್ಳುತ್ತಾರೆ.