ಕಿಂಡಿಯ ಅಗಲ

ಐತಿಹಾಸಿಕ ಕಾದಂಬರಿಗಳಲ್ಲಿ ಕಾಳಗದ ಅಧ್ಯಾಯ ಬಂದೊಡನೆ ಪುಟಗಳನ್ನು ಮಗುಚಿಹಾಕುವ ಅಭ್ಯಾಸ ನನಗೆ ಬಹುಕಾಲದಿಂದ ಉಂಟು. ರಕ್ತಪಾತವನ್ನು ಓದಲಾರದ ಮೃದುತ್ವದಿಂದಲ್ಲ, ನಾಯಕನ ಖಡ್ಗ ಮಿಂಚುವುದೂ ರುಂಡಗಳು ಉರುಳುವುದೂ ನೆತ್ತರು ಕಾಲುವೆಯಾಗಿ ಹರಿಯುವುದೂ ಅಲ್ಲಿ ಮೊದಲೇ ನಿಶ್ಚಿತವಾಗಿರುವುದರಿಂದ. ಈ ದಂಡುಗಳ ಕುದುರೆಗಳಿಗೆ ಹುಲ್ಲು ಬೇಡ, ನೀರು ಬೇಡ. ಇವರ ಮದ್ದು ಎಂತಹ ಮಳೆಯಲ್ಲಿಯೂ ನೆನೆಯುವುದಿಲ್ಲ. ಏನು ಬೇಕಾದರೂ ನಡೆಯಬಹುದಾದ ರಣರಂಗದಲ್ಲಿ ಶೌರ್ಯವು ಅಗ್ಗದ ಸರಕಾಗಿಬಿಡುತ್ತದೆ.

ನಮ್ಮ ಐತಿಹ್ಯಕಾರರು ಈ ವಿಷಯದಲ್ಲಿ ಕಾದಂಬರಿಕಾರರಿಗಿಂತ ಜಾಣರು. ಚಿತ್ರದುರ್ಗದ ಓಬವ್ವನ ಕಥೆಯನ್ನು ಆಕೆಯ ಕೆಚ್ಚಿನ ಕಥೆಯೆಂದೇ ನಾವು ಹೇಳುತ್ತ ಬಂದಿದ್ದೇವೆ. ಆದರೆ ಆ ಕೆಚ್ಚನ್ನು ನಂಬುವಂತೆ ಮಾಡಿದ್ದು ಬಂಡೆಗಳ ನಡುವಣ ಕಿಂಡಿಯ ಅಗಲ. ಒಬ್ಬೊಬ್ಬನಾಗಿ ತಲೆ ತಗ್ಗಿಸಿಯೇ ನುಸುಳಬೇಕಾದ ಆ ಸಂದಿಯಲ್ಲಿ ಹೈದರಾಲಿಯ ದಂಡಿನ ಸಂಖ್ಯಾಬಲವೆಲ್ಲ ನಿರರ್ಥಕವಾಗಿ, ಒನಕೆಯೂ ಆಯುಧವಾಗುತ್ತದೆ. ಕಾವಲಿನ ಗಂಡ ಊಟಕ್ಕೆ ಕುಳಿತ ಹೊತ್ತನ್ನೇ ಕಥೆ ಆರಿಸಿಕೊಂಡಿರುವುದೂ ಸಾಮಾನ್ಯ ರಣಜ್ಞಾನವಲ್ಲ. ಕಿಂಡಿಯನ್ನು ಎರಡು ಮೊಳ ಅಗಲಿಸಿ ನೋಡಿರಿ, ಕಥೆ ಅಲ್ಲಿಯೇ ಕುಸಿಯುತ್ತದೆ. ಆ ದುರ್ಗ ಕಡೆಗೆ 1779ರಲ್ಲಿ ಹೈದರನ ವಶವಾದುದು ಬೇರೆ ಮಾತು.

ವ್ಯೂಹ, ಠಾಣ್ಯ, ಫಿರಂಗಿಗಳ ವಿವರ ತುಂಬಿದರೆ ಕಾದಂಬರಿ ಯುದ್ಧಶಾಸ್ತ್ರದ ಪಾಠವಾಗದೆ ಎಂಬ ಆಕ್ಷೇಪ ನಿರಾಧಾರವೇನಲ್ಲ. ಅಂತಹ ನೀರಸ ಗ್ರಂಥಗಳನ್ನು ನಾನೂ ಓದಿ ಆಕಳಿಸಿದ್ದೇನೆ. ಆದರೆ ಸೇನಾಪತಿಗಳ ಯೋಜನೆಗಳನ್ನು ಟಾಲ್‌ಸ್ಟಾಯ್‌ನಷ್ಟು ಗೇಲಿಮಾಡಿದ ಲೇಖಕ ವಿರಳ. ಆತನೇ ಸೆವಾಸ್ತೊಪೋಲಿನ ಮುತ್ತಿಗೆಯಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದವನು, 1867ರಲ್ಲಿ ಬೊರೊಡಿನೊ ರಣಭೂಮಿಯನ್ನು ಸ್ವತಃ ಸುತ್ತಿ ನೋಡಿದವನು, ತನ್ನ ‘ಯುದ್ಧ ಮತ್ತು ಶಾಂತಿ’ಯಲ್ಲಿ ಆ ಕದನದ ನಕ್ಷೆಯನ್ನೂ ಸೇರಿಸಿದವನು. ಯೋಜನೆಯನ್ನು ನಂಬದವನೂ ಅದನ್ನು ಬಲ್ಲವನಾಗಿರಬೇಕಾಯಿತು.

ಅದೇ ಕೃತಿಯಲ್ಲಿ, 1805ರ ಷೋನ್‌ಗ್ರಾಬೆರ್ನ್ ಕಾಳಗದಲ್ಲಿ, ರಷ್ಯದ ಸೇನಾಪತಿ ಕುಟುಜೋವನ ಮುಖ್ಯ ಸೈನ್ಯ ಹಿಂದೆ ಸರಿಯಲು ಕಾಲಾವಕಾಶ ದೊರಕಿಸುವುದಕ್ಕಾಗಿ ಬಗ್ರಾತಿಯೋನನ ಸಣ್ಣ ದಳ ಫ್ರೆಂಚರನ್ನು ತಡೆದು ನಿಲ್ಲುತ್ತದೆ. ನಡುವಿನಲ್ಲಿ ತೂಷಿನ್ ಎಂಬ ಕುಳ್ಳ ಕಪ್ತಾನನ ನಾಲ್ಕು ಫಿರಂಗಿಗಳು. ಅವುಗಳ ರಕ್ಷಣೆಗಿದ್ದ ಕಾಲಾಳುಗಳನ್ನು ಯಾರದೋ ಅಪ್ಪಣೆಯಂತೆ ತೆಗೆದುಬಿಟ್ಟಿದ್ದಾರೆ. ಆತನಿಗೆ ಅದರ ಪರಿವೆಯೂ ಇಲ್ಲ, ಸುಡುತ್ತಲೇ ಇದ್ದಾನೆ. ಸಂಜೆ ಆತನನ್ನು ಕರೆಸಿ, ಎರಡು ಫಿರಂಗಿಗಳನ್ನು ಏಕೆ ಬಿಟ್ಟುಬಂದೆಯೆಂದು ಬಗ್ರಾತಿಯೋನ್ ಗದರಿಸುತ್ತಾನೆ. ರಕ್ಷಣೆಗೆ ಒಬ್ಬನೂ ಇರಲಿಲ್ಲವೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಮತ್ತೊಬ್ಬ ಅಧಿಕಾರಿಗೆ ತೊಂದರೆಯಾದೀತೆಂದು ಅಂಜಿ, ಪರೀಕ್ಷೆಯಲ್ಲಿ ಉತ್ತರ ತಿಳಿಯದ ಹುಡುಗನಂತೆ ತೂಷಿನ್ ಸುಮ್ಮನೆ ನಿಲ್ಲುತ್ತಾನೆ. ಆ ಮೌನದ ಭಾರ, ಕಾಲಾಳುಗಳು ಎಲ್ಲಿ ನಿಂತಿದ್ದರು, ಎಷ್ಟು ಹೊತ್ತಿಗೆ ಹೋದರು ಎಂಬುದನ್ನು ಲಕ್ಷ್ಯವಿಟ್ಟು ಓದಿದವನಿಗೆ ಮಾತ್ರ ತಿಳಿಯುತ್ತದೆ.